ಅಕ್ಕ ಊರಲ್ಲಿಲ್ಲ

ಅಕ್ಕನ ಪಾಸ್‌ಪೋರ್ಟಿನ ಅವಧಿ ಮುಗಿದಿದೆ ಎಂದು ಕಂಡುಹಿಡಿದದ್ದು ನಮ್ಮ ಹೆಡ್‌ಮಿಸ್. ಭೀಮನ ಅಮಾವಾಸ್ಯೆ ಕಳೆದ ಮೇಲೆ ಒಂದು ಮಧ್ಯಾಹ್ನ ಅವರು ನಂಜನಗೂಡಿನ ನಮ್ಮ ಮನೆಗೆ ಬಂದರು. ಹಡಗಿನ ಪ್ರವಾಸಕ್ಕೆ ಹೆಸರು ಕೊಟ್ಟವರೆಲ್ಲರ ಪಾಸ್‌ಪೋರ್ಟ್ ಜೆರಾಕ್ಸುಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಒಂದೊಂದನ್ನೇ ಕನ್ನಡಕದ ಹತ್ತಿರ ಹಿಡಿದು ನೋಡತೊಡಗಿದರು. ಅವರು ನಿವೃತ್ತರಾದರೂ ಉತ್ತರಪತ್ರಿಕೆ ತಿದ್ದುವ ಕಣ್ಣು ಇನ್ನೂ ನಿವೃತ್ತವಾಗಿಲ್ಲ. ಅಕ್ಕನ ಪ್ರತಿ ಕೈಗೆ ಬಂದಾಗ ತಲೆ ಎತ್ತಿ, “ಇದು ಯಾವ ಕಾಲದ್ದಮ್ಮಾ?” ಎಂದು ನನ್ನ ಕಡೆಗೆ ತಳ್ಳಿದರು. ಮುಗಿದು ನಾಲ್ಕು ವರ್ಷದ ಮೇಲಾಗಿತ್ತು.

ಹಡಗು ಚೆನ್ನೈನಿಂದ ಹೊರಟು ಲಂಕೆಯ ಒಂದೆರಡು ಬಂದರು ಮುಟ್ಟಿ ವಾಪಸು ಬರುವಂಥದ್ದು. ಗೌರಿ ಹಬ್ಬ ಮುಗಿಸಿಕೊಂಡು ಹೊರಡುವುದೆಂದು ನಿಶ್ಚಯವಾಗಿತ್ತು. ನಾವೆಲ್ಲ ಹುಲ್ಲಹಳ್ಳಿಯ ಒಂದೇ ಹೈಸ್ಕೂಲಿನಲ್ಲಿ ಸೀಮೆಸುಣ್ಣ ಸವೆಸಿದ ಹೆಂಗಸರು. ಕಾಶಿ, ರಾಮೇಶ್ವರ, ಶಿರಡಿ ಎಲ್ಲವೂ ಆಗಿತ್ತು. ಕೈಮುಗಿಯುವ ಕೆಲಸವಿಲ್ಲದ, ಗಂಡಂದಿರಿಗೆ ಮಾತ್ರೆ ಎಣಿಸಿ ಕೊಡುವ ಕೆಲಸವೂ ಇಲ್ಲದ ಒಂದು ಜಾಗಕ್ಕೆ ಹೋಗಬೇಕು ಎನ್ನುವುದು ಹೆಡ್‌ಮಿಸ್ ಹಟ. ಅಕ್ಕ ಟೀಚರಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು, ಮದುವೆಯಾಗಿ ತಿ. ನರಸೀಪುರಕ್ಕೆ ಹೋದವಳು. ನಮ್ಮ ಗುಂಪಿನ ಒಬ್ಬರು ಮೊಣಕಾಲಿನ ಆಪರೇಷನ್ ಎಂದು ಹಿಂದೆ ಸರಿದಾಗ ನನ್ನ ರೂಮಿನಲ್ಲಿ ಒಂದು ಹಾಸಿಗೆ ಖಾಲಿ ಉಳಿಯಿತು. ಬಾಯಿಮಾತಿಗೆ ಅಕ್ಕನಿಗೆ ಫೋನ್ ಮಾಡಿ “ಬರ್ತೀಯೇನೇ?” ಎಂದೆ. ಯಾವುದಕ್ಕೂ “ನೋಡಮ” ಎನ್ನುವ ಅಕ್ಕ ಅವತ್ತು “ಊಂ, ಬತ್ತೀನಿ” ಅಂದುಬಿಟ್ಟಳು. ಫೋನು ತಪ್ಪಿ ಬೇರೆ ಯಾರಿಗೋ ಹೋಗಿದೆಯೇನೋ ಎಂದು ಇನ್ನೊಮ್ಮೆ ನಂಬರು ನೋಡಿಕೊಂಡೆ.

ಅಕ್ಕನ ಮನೆ ಸಂಗಮಕ್ಕೆ ಕೂಗಳತೆ ದೂರ. ನಮ್ಮ ಕಬಿನಿ ಅಲ್ಲಿಗೆ ಹೋಗಿ ಕಾವೇರಿಯನ್ನು ಸೇರುತ್ತದೆ. “ನೀನು ನಂಜನಗೂಡಲ್ಲಿ ಕಾಲು ತೊಳ್ದ ನೀರೆಲ್ಲ ನಮ್ಮೂರ್ಗೇ ಬರದು ಕಣಮ್ಮಿ” ಎಂದು ಅವಳು ನನ್ನನ್ನು ರೇಗಿಸುತ್ತಾಳೆ. ನಮ್ಮ ಕಡೆಯವರು ಯಾರೇ ತೀರಿಕೊಂಡರೂ ಬೂದಿ ಬಿಡುವುದು ಆ ಸಂಗಮದಲ್ಲಿ. ಪುಣ್ಯದ ಜಾಗ ಎನ್ನುವುದು ಒಂದು ಕಾರಣ, ಅಕ್ಕನ ಮನೆ ಹತ್ತಿರವಿದೆ ಎನ್ನುವುದು ಅದಕ್ಕಿಂತ ದೊಡ್ಡ ಕಾರಣ. ಮಡಕೆ ಹಿಡಿದುಕೊಂಡು ವ್ಯಾನಿನಲ್ಲಿ ಬರುತ್ತಾರೆ, ಹೊಳೆಗೆ ಬಿಟ್ಟು ಮುಳುಗೆದ್ದು ಒದ್ದೆ ಬಟ್ಟೆಯಲ್ಲೇ ಅವಳ ಬಾಗಿಲಲ್ಲಿ ನಿಲ್ಲುತ್ತಾರೆ. ಅಷ್ಟು ಜನಕ್ಕೂ ಬಿಸಿನೀರು, ಉಪ್ಪಿಟ್ಟು, ಕಾಫಿ. ನಮ್ಮ ಅಪ್ಪ, ಅವ್ವ, ಅವಳ ಅತ್ತೆ ಮಾವ, ಕೊನೆಗೆ ಭಾವ, ಎಲ್ಲರೂ ಅವಳ ಮನೆ ಮುಂದಿನ ರಸ್ತೆಯಲ್ಲೇ ಹೊಳೆಗೆ ಹೋದವರು.

“ಎಲ್ಲಾರ್ನೂವೆ ಸಮುದ್ರುಕ್ಕೆ ಕಳ್ಸಿಕೊಟ್ಟಿವ್ನಿ” ಎಂದಳು ಅಕ್ಕ, ಯಾಕೆ ಇದ್ದಕ್ಕಿದ್ದ ಹಾಗೆ ಒಪ್ಪಿಕೊಂಡೆ ಎಂದು ನಾನು ಅವಳನ್ನು ಕೇಳಿದಾಗ. “ನಾನು ಬದುಕಿರವಾಗ್ಲೆ ಒಂದ್ಸಲ ಅದ್ರ ಮಧ್ಯಕ್ಕೋಗಿ ನೋಡ್ಬಾರ್ದ?”

“ರಾಮೇಶ್ವರದಲ್ಲಿ ಭಾವನ ಜೊತೆ ನೋಡಿದ್ದೀಯಲ್ಲ ಸಮುದ್ರ.”

“ದಡದಲ್ ನಿಂತ್ಕಂಡು ನೋಡಿವ್ನಿ. ದಡ ನಮ್ಮೂರಲ್ಲೂ ಅದೆ.”

ಅವಳು ಹೀಗೆಲ್ಲ ಮಾತಾಡುವವಳಲ್ಲ. ನಾನು ಬಿ.ಎಡ್. ಓದುವಾಗ ನನ್ನ ಮಗುವನ್ನು ತನ್ನ ಸೊಂಟದ ಮೇಲೆ ಹೊತ್ತು ಸಾಕಿದವಳು, ಅದಕ್ಕೂ ಒಂದು ಮಾತು ಆಡಿದವಳಲ್ಲ. ಜೀವಮಾನದಲ್ಲಿ ಅವಳು ನನ್ನ ಹತ್ತಿರ ಆಸೆ ಅಂತ ಬಾಯಿಬಿಟ್ಟು ಹೇಳಿದ್ದು ಇದೊಂದೇ. ಹಾಗಾಗಿ ಹೆಡ್‌ಮಿಸ್ ಆ ಜೆರಾಕ್ಸನ್ನು ನನ್ನ ಕಡೆಗೆ ತಳ್ಳಿದಾಗ ನಾನು ಆ ತಾರೀಖನ್ನು ಮತ್ತೆ ಮತ್ತೆ ಓದಿ ನೋಡಿದೆ.

ಅಕ್ಕನಿಗೆ ಫೋನ್ ಮಾಡಿದೆ. ಅವಳಿಗೆ ನಂಬಿಕೆಯೇ ಬರಲಿಲ್ಲ. “ಡೇಟು ಮುಗ್ಯಕ್ಕೆ ಅದೇನ್ ಮಾತ್ರೆಯ? ಒಂದ್ಸಲನೂ ಬಳ್ಸಿಲ್ಲ ಕಣಮ್ಮಿ, ಒಸದಾಗೇ ಅದೆ.”

ಅದು ಹೊಸದಾಗಿಯೇ ಇತ್ತು, ನಿಜ. ಭಾವ ರೇಷ್ಮೆ ಇಲಾಖೆಯಲ್ಲಿದ್ದವರು. ನಿವೃತ್ತಿಗೆ ಮುಂಚೆ ಇಬ್ಬರಿಗೂ ಪಾಸ್‌ಪೋರ್ಟ್ ಮಾಡಿಸಿದ್ದರು, ಕೈಲಾಸ ಮಾನಸ ಸರೋವರಕ್ಕೆ ಹೋಗಬೇಕು ಅಂತ. ಆಮೇಲೆ ಅವರ ಹೃದಯ ಕೈಕೊಟ್ಟಿತು, ಬೆಟ್ಟ ಹತ್ತುವ ಮಾತು ಅಲ್ಲಿಗೆ ನಿಂತಿತು, ಒಂದು ಮಳೆಗಾಲದಲ್ಲಿ ಅವರೂ ಹೋದರು. ಎರಡು ಪಾಸ್‌ಪೋರ್ಟುಗಳೂ ದೇವರ ಕೋಣೆಯ ಗೂಡಿನಲ್ಲಿ ಜೊತೆಯಾಗಿ ಕೂತಿದ್ದವು. ಒಳಗೆ ಒಂದು ಹಾಳೆಗೂ ಯಾವ ದೇಶದ ಮುದ್ರೆಯೂ ಬಿದ್ದಿಲ್ಲ. ಅಂಥದ್ದು ತಾನಾಗಿಯೇ ಮುಗಿದುಹೋಗುತ್ತದೆ ಎಂದರೆ ಅಕ್ಕನಿಗೆ ಅನ್ಯಾಯ ಅನ್ನಿಸಿತು. ನನಗೂ ಅನ್ನಿಸಿತು, ಆದರೆ ನಾನು ಓದಿದವಳು, ಹಾಗೆ ಅನ್ನಬಾರದು.

ಹಡಗಿನ ಕಂಪನಿಗೆ ಫೋನ್ ಹಚ್ಚಿದೆ. ಸಂಗೀತ ಕೇಳಿಸಿ ಕೇಳಿಸಿ ಕೊನೆಗೆ ಒಬ್ಬಳು ಹುಡುಗಿ ಸಿಕ್ಕಳು. ಮುಗಿದ ಪಾಸ್‌ಪೋರ್ಟ್ ಇಟ್ಟುಕೊಂಡು ಹಡಗು ಹತ್ತಬಹುದೇ ಎಂದು ಕೇಳಿದೆ. ಸಾಧ್ಯವಿಲ್ಲ. ಜೊತೆಗೆ ಆಧಾರ್ ಇದ್ದರೆ? ಇಲ್ಲ ಮ್ಯಾಮ್. ವೋಟರ್ ಐಡಿ ಸೇರಿಸಿದರೆ? ಇಲ್ಲ ಮ್ಯಾಮ್. ನಮ್ಮ ದೇಶದ ಒಳಗೇ ಸುತ್ತಿ ಬರುವ ಹಡಗಾದರೆ ಆಧಾರ್ ಸಾಕಂತೆ. ಇದು ಬೇರೆ ದೇಶದ ನೆಲ ಮುಟ್ಟುವುದರಿಂದ ಪಾಸ್‌ಪೋರ್ಟ್ ಬೇಕೇ ಬೇಕು, ಅದೂ ಇನ್ನು ಆರು ತಿಂಗಳು ಜೀವ ಇರುವಂಥದ್ದು. “ನಾವು ಲಂಕೆಯಲ್ಲಿ ಇಳಿಯೋದೇ ಇಲ್ಲ, ಹಡಗಿನಲ್ಲೇ ಕೂತಿರ್ತೀವಿ” ಎಂದೂ ಹೇಳಿ ನೋಡಿದೆ. ಆ ಹುಡುಗಿ ನಯವಾಗಿ ಅದನ್ನೇ ಮತ್ತೆ ಹೇಳಿದಳು. ನಯವಾಗಿ ಇಲ್ಲ ಎನ್ನುವವರ ಹತ್ತಿರ ಜಗಳವಾಡುವುದು ನನಗೆ ಇವತ್ತಿಗೂ ಬಂದಿಲ್ಲ.

ಅಕ್ಕ ಮಾರನೆಯ ದಿನ ಬಸ್ಸಿನಲ್ಲಿ ಬಂದಳು, ಒಂದು ಪ್ಲಾಸ್ಟಿಕ್ ಕವರಿನ ತುಂಬ ಕಾಗದ ತುಂಬಿಕೊಂಡು. ಆಧಾರ್, ರೇಷನ್ ಕಾರ್ಡ್, ಭಾವನ ಪಿಂಚಣಿ ಬುಕ್ಕು, ವೋಟಿನ ಕಾರ್ಡು, ಕಂದಾಯದ ರಸೀದಿ, ಕಣ್ಣಿನ ಆಸ್ಪತ್ರೆಯ ಚೀಟಿ. ಎಲ್ಲವನ್ನೂ ನನ್ನ ಮಂಚದ ಮೇಲೆ ಸಾಲಾಗಿ ಇಟ್ಟು, ನಡುವೆ ಆ ಹಳೆಯ ಪಾಸ್‌ಪೋರ್ಟ್ ಇಟ್ಟು ಕೇಳಿದಳು: “ಇಷ್ಟೂ ಸೇರುದ್ರೆ ಒಂದು ಪಾಸ್ಪೋರ್ಟು ಆಗಲ್ವ?”

ನಗು ಬಂತು. ಆಮೇಲೆ ನಗು ಬರಲಿಲ್ಲ.

ಬ್ರೌಸಿಂಗ್ ಸೆಂಟರಿನಾಕೆ ಎರಡು ಮಾತಿನಲ್ಲಿ ಹೇಳಿದಳು. ಹೊಸದಾಗಿ ಅರ್ಜಿ ಹಾಕಬೇಕು. ತತ್ಕಾಲಿಗೆ ಈಗ ದಿನ ಸಿಗುತ್ತಿಲ್ಲ, ಮಾಮೂಲಿನದ್ದಕ್ಕೇ ಹಾಕಿ, ಪೊಲೀಸ್ ರಿಪೋರ್ಟ್ ಬೇಗ ಹೋದರೆ ಹಬ್ಬಕ್ಕೆ ಮುಂಚೆ ಕೈಗೆ ಬರುತ್ತದೆ. ಹಾಕಿದೆವು. ಮೈಸೂರಿನ ಪಾಸ್‌ಪೋರ್ಟ್ ಕಚೇರಿಗೆ ಅಕ್ಕ ಮದುವೆಗೆ ಹೊರಟವಳ ಹಾಗೆ ರೇಷ್ಮೆ ಸೀರೆ ಉಟ್ಟು ಬಂದಳು. ಎಲ್ಲಿಗೆ ಹೋಗ್ತೀರಮ್ಮ ಎಂದು ಕೌಂಟರಿನವರು ಕೇಳಿದರೆ “ಸಮುದ್ರದ ಮಧ್ಯಕ್ಕೆ ಸಾ” ಎಂದಳಂತೆ. ಅವರು ನಕ್ಕು ಸಹಿ ಹಾಕಿದರಂತೆ. ಹೊರಗೆ ಬಂದು ಮಸಾಲೆ ದೋಸೆ ತಿಂದೆವು. ಕೆಲಸ ಆಯಿತು ಎಂದೇ ಇಬ್ಬರೂ ತಿಳಿದೆವು.

ಶ್ರಾವಣದಲ್ಲಿ ಅಕ್ಕ ನಮ್ಮ ಮನೆಯಲ್ಲಿ ಕೆಲವು ದಿನ ಉಳಿದಳು. ಹಡಗಿನ ಊಟದ ಮೇಲೆ ಅವಳಿಗೆ ನಂಬಿಕೆಯಿಲ್ಲ. ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ ಎಂದು ನನ್ನ ಅಡುಗೆಮನೆಯನ್ನೇ ಒತ್ತುವರಿ ಮಾಡಿಕೊಂಡಳು. ನನ್ನ ಯಜಮಾನರು “ಲಂಕೆಗೆ ಹೋಗ್ತಿದ್ದೀರೋ, ದಂಡಿಗೆ ಹೋಗ್ತಿದ್ದೀರೋ?” ಎನ್ನುತ್ತಾ ಬಂದು ಒಂದೊಂದೇ ಚಕ್ಕುಲಿ ಎತ್ತಿಕೊಂಡು ಹೋಗುತ್ತಿದ್ದರು. ಅಕ್ಕ ಅಷ್ಟು ನಕ್ಕದ್ದನ್ನು ಭಾವ ಹೋದ ಮೇಲೆ ನಾನು ನೋಡಿರಲಿಲ್ಲ. ಸ್ವೆಟರ್ ಬೇಕಾ, ಹಡಗಿನಲ್ಲಿ ಕಾಲಿಗೆ ಚಪ್ಪಲಿ ಹಾಕಬಹುದಾ, ನೀರಿನ ಮೇಲೆ ಮಲಗಿದರೆ ನಿದ್ದೆ ಬರುತ್ತದಾ, ದಿನಕ್ಕೊಂದು ಅನುಮಾನ ತೆಗೆಯುತ್ತಿದ್ದಳು.

ಅವಳು ಊರಿಗೆ ಮರಳಿದ ಸ್ವಲ್ಪ ದಿನಕ್ಕೆ ಬ್ರೌಸಿಂಗ್ ಸೆಂಟರಿನಿಂದ ಫೋನ್ ಬಂತು. ಪೊಲೀಸ್ ರಿಪೋರ್ಟ್ ವಿರುದ್ಧವಾಗಿ ಹೋಗಿದೆ. ಅರ್ಜಿದಾರರು ಆ ವಿಳಾಸದಲ್ಲಿ ವಾಸವಿಲ್ಲ.

ಮದುವೆಯಾದ ದಿನದಿಂದ ಆ ಮನೆ ಬಿಟ್ಟು ಕದಲದವಳು, ಆ ವಿಳಾಸದಲ್ಲಿ ಇಲ್ಲವಂತೆ. ನನಗೆ ಪಿತ್ತ ನೆತ್ತಿಗೇರಿತು. ಸಿಕ್ಕಿದ ಬಸ್ಸು ಹತ್ತಿ ನರಸೀಪುರಕ್ಕೆ ಹೋದೆ, ಅಕ್ಕನನ್ನು ಎಬ್ಬಿಸಿಕೊಂಡು ನೇರ ಠಾಣೆಗೆ ನಡೆದೆ.

ಈ ಕೆಲಸ ನೋಡುವ ಪೇದೆ ಒಳ್ಳೆಯ ಮನುಷ್ಯ. ಕಷ್ಟವಾದದ್ದೇ ಅದು. ಕೆಟ್ಟವನಾಗಿದ್ದರೆ ನಾಲ್ಕು ಮಾತು ಬೈದು ಹಗುರಾಗಬಹುದಿತ್ತು. ಕುರ್ಚಿ ಎಳೆದು ಅಕ್ಕನನ್ನು ಕೂರಿಸಿ, “ಮೊದ್ಲು ಫೋನ್ ಮಾಡ್ದೆ ಮೇಡಂ” ಎಂದರು. “ಪೊಲೀಸ್ ಸ್ಟೇಷನ್ನಿಂದ ಅಂದೆ ಅಷ್ಟೇಯ. ‘ನಿನ್ನಂಥವರ ವಿಚಾರ ಎಲ್ಲಾ ಗೊತ್ತು, ಮಡಗಲೇ ಫೋನ’ ಅಂದ್ಬುಟ್ರು.”

“ಅಯ್ಯೋ, ಅದು ನೀವಾ ಸಾ?” ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪೊಲೀಸ್ ಎಂದು ಹೇಳಿಕೊಂಡು ಫೋನ್ ಮಾಡುವ ಮೋಸಗಾರರಿದ್ದಾರೆ, ಹುಷಾರು ಎಂದು ಆಗ ಯಾರಿಗೆ ಫೋನ್ ಮಾಡಿದರೂ ಮೊದಲು ಕೇಳಿಸುತ್ತಿತ್ತು. ಅಕ್ಕ ಅದನ್ನು ಶ್ರದ್ಧೆಯಿಂದ ಕೇಳಿಕೊಂಡಿದ್ದಳು. ಸರ್ಕಾರ ಹೇಳಿದ್ದನ್ನು ಅಕ್ಷರಶಃ ಪಾಲಿಸುವ ಒಬ್ಬಳಾದರೂ ಇದ್ದಾಳೆ ಎಂದು ಸರ್ಕಾರಕ್ಕೆ ಗೊತ್ತಾಗಬೇಕು.

“ಆಮೇಲೆ ನಾನೇ ಮನೆ ಹತ್ರ ಬಂದೆ” ಎಂದು ಪೇದೆ ಮುಂದುವರಿಸಿದರು. “ಬೀಗ ಹಾಕಿತ್ತು. ಎದುರು ಮನೆ ಅಮ್ಮನ್ನ ಕೇಳ್ದೆ. ಅವ್ರು ಊರು ಬಿಟ್ಟು ಬಾಳ ವರ್ಷ ಆಯ್ತು, ಮಗಳ ಮನೆಗೋ ಎಲ್ಗೋ ಹೋಗವ್ರೆ, ಈ ಕಡೆ ತಲೇನೇ ಹಾಕಿಲ್ಲ ಅಂದ್ರು. ಪಕ್ಕದ ಮನೇಲೂ ಅದೇ ಅಂದ್ರು. ಇಬ್ಬರ ಹೇಳಿಕೇನೂ ತಕ್ಕೊಂಡೆ. ಇಡೀ ಬೀದೀಲಿ ಒಬ್ಬರಾದ್ರೂ ಇಲ್ಲೇ ಅವ್ರೆ ಅನ್ನಲಿಲ್ಲ. ನಾನೇನು ಬರೀಲಿ, ನೀವೇ ಹೇಳಿ.”

ಅಕ್ಕ ಆಗ ನಂಜನಗೂಡಿನಲ್ಲಿ ನನ್ನ ಒಲೆಯ ಮುಂದೆ ಚಕ್ಕುಲಿ ಕರಿಯುತ್ತಿದ್ದಳು. ಏನು ನಡೆದಿದೆ ಎಂದು ನಮ್ಮಿಬ್ಬರಿಗೂ ಅರ್ಥವಾಯಿತು.

ಅಕ್ಕನ ಬೀದಿಯ ವಾಡಿಕೆ ಅದು. ಒಂದು ಕಾಲದಲ್ಲಿ ಆ ಬೀದಿಯ ಗಂಡಸರಲ್ಲಿ ಅರ್ಧ ಜನ ಹೊಳೆಯಿಂದ ಗಾಡಿಗೆ ಮರಳು ತುಂಬುತ್ತಿದ್ದರು. ಅದು ಕಾನೂನಿಗೆ ವಿರುದ್ಧವಾದ ಮೇಲೂ ಕೆಲವರು ಬಿಡಲಿಲ್ಲ, ಹೊಟ್ಟೆ ಬಿಡಬೇಕಲ್ಲ. ಖಾಕಿ ಬಂದು ಯಾರ ಹೆಸರು ಕೇಳಿದರೂ ಬೀದಿಯ ಹೆಂಗಸರು ಒಂದೇ ಬಾಯಲ್ಲಿ “ಊರಲ್ಲಿಲ್ಲ ಸಾ” ಎನ್ನುವುದು ರೂಢಿಯಾಯಿತು. ಯಾರು, ಯಾಕೆ ಎಂದು ವಿಚಾರಿಸುವ ಗೊಡವೆಯೇ ಇಲ್ಲ. ಕೋರ್ಟಿನ ಸಮನ್ಸು ಬಂದರೂ ಅದೇ, ಜಾಮೀನಿನ ವಿಚಾರಣೆ ಬಂದರೂ ಅದೇ. ಮರಳು ನಿಂತು ಎಷ್ಟೋ ಕಾಲವಾಗಿದೆ, ಆ ಮಾತು ನಿಂತಿಲ್ಲ. ತಮ್ಮವರು ಎಂದುಕೊಂಡವರಿಗೆಲ್ಲ ಅವರು ಮಾಡುವ ಉಪಕಾರ ಅದು. ಅಕ್ಕನಿಗೂ ಮಾಡಿದ್ದರು.

“ಹಾಗಾದರೆ ಈಗೇನು ದಾರಿ?” ಎಂದೆ.

“ಆ ಇಬ್ಬರು ಹೆಂಗಸ್ರು ಇಲ್ಲಿಗೆ ಬಂದು, ಅವತ್ತು ನಾವು ಹೇಳಿದ್ದು ಸುಳ್ಳು, ಇವ್ರು ಇಲ್ಲೇ ಇರೋದು ಅಂತ ಬರೆದು ಕೊಡ್ಲಿ ಮೇಡಂ. ನಾನು ಸಾಹೇಬ್ರ ಹತ್ರ ಮಾತಾಡಿ ಇನ್ನೊಂದು ರಿಪೋರ್ಟ್ ಕಳಿಸ್ತೀನಿ. ಇನ್ನೂ ಟೈಮಿದೆ.”

“ಬೀದಿಯಲ್ಲಿ ಬೇರೆ ಯಾರಾದರೂ ಬಂದರೆ ಆಗಲ್ವಾ?”

“ಹೇಳಿಕೆ ಕೊಟ್ಟಿರೋರೇ ಬರ್ಬೇಕು. ಇಲ್ದಿದ್ರೆ ಯಾವುದು ನಿಜ ಅಂತ ನನ್ನನ್ನೇ ಕೇಳ್ತಾರೆ.”

ನನಗೆ ಹೋದ ಜೀವ ಬಂದ ಹಾಗಾಯಿತು. ಇಷ್ಟೇ ತಾನೆ, ಮಧ್ಯಾಹ್ನದೊಳಗೆ ಕರೆದುಕೊಂಡು ಬರ್ತೀನಿ ಎನ್ನುವಷ್ಟರಲ್ಲಿ ಅಕ್ಕ ಕುರ್ಚಿಯಿಂದ ಎದ್ದಳು. “ಬ್ಯಾಡಿ ಬುಡಿ ಸಾ” ಎಂದಳು. “ನಿಮ್ಗೆ ತೊಂದ್ರೆ ಕೊಟ್ಟೊ.” ಪೇದೆಗೆ ಕೈಮುಗಿದು ಹೊರಗೆ ನಡೆದೇಬಿಟ್ಟಳು.

ನಾನು ಅವಳ ಹಿಂದೆ ಓಡಿದೆ. ಬಸ್‌ಸ್ಟ್ಯಾಂಡಿನ ಹತ್ತಿರ ಹಿಡಿದು ನಿಲ್ಲಿಸಿ ನಡುರಸ್ತೆಯಲ್ಲೇ ಕೂಗಾಡಿದೆ. ನಿನಗೆ ತಲೆ ಕೆಟ್ಟಿದೆಯಾ? ಎದುರು ಮನೆಯಾಕೆ ಬಾಯಿಗೆ ಬಂದದ್ದು ಹೇಳುತ್ತಾಳೆ, ನೀನು ಅನುಭವಿಸಬೇಕಾ? ಒಂದು ಸಹಿ, ಒಂದು ಗಳಿಗೆಯ ಕೆಲಸ! ಹಣ್ಣಿನ ಗಾಡಿಯವರೆಲ್ಲ ವ್ಯಾಪಾರ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ಅಕ್ಕ ಸುಮ್ಮನೆ ನಿಂತು ನನ್ನ ಕೂಗಾಟ ಮುಗಿಯಲಿ ಎಂದು ಕಾದಳು, ಚಿಕ್ಕಂದಿನಲ್ಲಿ ಕಾಯುತ್ತಿದ್ದ ಹಾಗೇ.

“ಅವ್ಳು ಆ ಟೇಸನ್ ಮೆಟ್ಲು ಅತ್ತುದ್ರೆ ಸತ್ತೋಯ್ತಳೆ ಕಣಮ್ಮಿ” ಎಂದಳು ಆಮೇಲೆ.

ಎದುರು ಮನೆಯಾಕೆ ಹೂ ಕಟ್ಟಿ ಮಾರುವವಳು. ಅವಳ ಗಂಡನೂ ಮರಳಿನ ಗಾಡಿ ಹೊಡೆಯುತ್ತಿದ್ದ. ಒಂದು ಬೆಳಿಗ್ಗೆ ಗಾಡಿ, ಎತ್ತು, ಗಂಡ ಮೂರನ್ನೂ ಹಿಡಿದುಕೊಂಡು ಹೋದರು. ಅವಳು ಠಾಣೆಯ ಮುಂದೆ ಕೂಸನ್ನು ಕಂಕುಳಲ್ಲಿಟ್ಟುಕೊಂಡು ದಿನಗಟ್ಟಲೆ ಕೂತಿದ್ದಳಂತೆ. ಬಿಡಿಸಿಕೊಂಡು ಬಂದ ಮೇಲೂ ಅವನು ಮೊದಲಿನ ಮನುಷ್ಯನಾಗಲಿಲ್ಲ, ಕುಡಿದು ಕುಡಿದು ಹೋದ. ಅವತ್ತಿನಿಂದ ಆಕೆ ಠಾಣೆಯ ರಸ್ತೆಯಲ್ಲಿ ಕಾಲಿಟ್ಟಿಲ್ಲ. ಸಂತೆಗೆ ಹೋಗಬೇಕಾದರೂ ಹೂವಿನ ಬುಟ್ಟಿ ಹೊತ್ತು ಬೇರೆ ಬೀದಿಗಳನ್ನು ಸುತ್ತಿಕೊಂಡು ಹೋಗುತ್ತಾಳೆ. ಭಾವ ತೀರಿಕೊಂಡಾಗ ನಾನು ಹದಿಮೂರನೆಯ ದಿನ ಮುಗಿಸಿ ಶಾಲೆಗೆ ರಜೆಯಿಲ್ಲವೆಂದು ನಂಜನಗೂಡಿಗೆ ಬಂದೆ. ಆಕೆ ತನ್ನ ಚಾಪೆ ಸುತ್ತಿಕೊಂಡು ಬಂದು ಅಕ್ಕನ ಪಕ್ಕದಲ್ಲಿ ಮಲಗಿದಳು. ಅಕ್ಕ ಇನ್ನು ಒಬ್ಬಳೇ ಮಲಗಬಲ್ಲೆ ಎನ್ನುವ ತನಕ ತಿಂಗಳುಗಟ್ಟಲೆ ಮಲಗಿದಳು.

“ಅವಳಿಗೆ ನಾನು ಹೇಳ್ತೀನಿ, ನಾನೂ ಜೊತೆಯಲ್ಲಿರ್ತೀನಿ, ಏನೂ ಆಗಲ್ಲ” ಎಂದೆ.

“ಟೇಸನ್ಗೆ ಬಾ ಅನ್ನದು ಬ್ಯಾರೆ. ನಿನ್ನಿಂದ ನಂಗೆ ಇಂಗಾಯ್ತು ಅಂತ ಗೊತ್ತಾದ್ರೆ ಅವ್ಳು ನನ್ ಮಕ ಎತ್ತಿ ನೋಡ್ತಾಳ? ನಾಳೀಕೆ ನಾನು ಆ ಬೀದೀಲೇ ಬದುಕ್ಬೇಕಲ್ವ?” ಎಂದಳು ಅಕ್ಕ. ಆಮೇಲೆ ನನ್ನ ಕೈ ಹಿಡಿದು ಅದುಮಿದಳು. “ನನ್ ಮೇಲಾಣೆ ಅದೆ. ಯಾರ್ಗೂ ಏಳ್ಕೂಡ್ದು.”

ಅಲ್ಲಿಗೆ ನನ್ನ ಬಾಯಿಗೆ ಬೀಗ ಬಿತ್ತು.

ಬಾಯಿಗೆ ಬಿದ್ದರೂ ಕೈಕಾಲಿಗೆ ಬಿದ್ದಿರಲಿಲ್ಲ. ಬೇರೆ ದಾರಿ ಹುಡುಕಿ ಹುಡುಕಿ ಸೋತೆ. ಪಾಸ್‌ಪೋರ್ಟ್ ಕಚೇರಿಯ ನಂಬರಿಗೆ ಫೋನ್ ಮಾಡಿದರೆ ನೋಟಿಸು ಬರುತ್ತದೆ, ಉತ್ತರ ಕೊಡಿ, ಮತ್ತೆ ಪೊಲೀಸರು ವಿಚಾರಿಸುತ್ತಾರೆ ಎಂದರು. ಪೊಲೀಸರು ವಿಚಾರಿಸಿದರೆ ಆ ಬೀದಿಗೇ ಬರಬೇಕು, ಆ ಹೆಂಗಸರನ್ನೇ ಕೇಳಬೇಕು. ಹೆಡ್‌ಮಿಸ್ ತಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಅಧಿಕಾರಿಯಾಗಿದ್ದಾನೆ ಎಂದು ಅವನಿಗೆ ಹೇಳಿಸಿದರು. ಅವನೂ ಬಹಳ ಮರ್ಯಾದೆಯಿಂದ, ಸ್ಥಳೀಯ ಠಾಣೆಯಿಂದ ಸರಿಯಾದ ವರದಿ ಬಂದರೆ ಒಂದೇ ದಿನದಲ್ಲಿ ಮಾಡಿಸಿಕೊಡುತ್ತೇನೆ ಮೇಡಂ ಎಂದ. ಹಡಗಿನ ಕಂಪನಿಯ ಆ ಹುಡುಗಿಗೆ ಇನ್ನೊಮ್ಮೆ ಫೋನ್ ಮಾಡಿದೆ. ಅವಳಿಗೆ ನನ್ನ ದನಿಯ ಗುರುತು ಸಿಕ್ಕಿತು, “ಆಂಟಿ, ನನ್ನ ಕೈಲಿ ಏನೂ ಇಲ್ಲ” ಎಂದಳು. ಈ ಸಲ ಮ್ಯಾಮ್ ಅನ್ನಲಿಲ್ಲ. ಯಾರ ಕೈಯಲ್ಲೂ ಏನೂ ಇರಲಿಲ್ಲ. ಇದ್ದದ್ದೆಲ್ಲ ಅಕ್ಕನ ಕೈಯಲ್ಲಿತ್ತು, ಅವಳು ಮುಷ್ಟಿ ಬಿಚ್ಚಲು ತಯಾರಿರಲಿಲ್ಲ.

ಒಂದು ದಿನ ಆಣೆಯನ್ನೂ ಮುರಿಯಲು ಹೊರಟೆ. ಅಕ್ಕ ಸೊಸೈಟಿಗೆ ಅಕ್ಕಿ ತರಲು ಹೋದ ಹೊತ್ತು ನೋಡಿ ಎದುರು ಮನೆಯ ಬಾಗಿಲಿಗೆ ಹೋದೆ. ಆಕೆ ಜಗುಲಿಯ ಮೇಲೆ ಕಾಕಡ ಕಟ್ಟುತ್ತಿದ್ದಳು. “ಬನ್ನಿ ಟೀಚರಮ್ಮ, ಕೂತ್ಕಳಿ” ಎಂದು ಹೂವನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. ಕೂತೆ. ಹೇಗೆ ಶುರು ಮಾಡಲಿ ಎಂದು ನಾನು ಯೋಚಿಸುತ್ತಿರುವಾಗಲೇ ಬೀದಿಯ ತುದಿಯಲ್ಲಿ ಯಾವುದೋ ಮೋಟಾರು ಬೈಕು ಜೋರಾಗಿ ಸದ್ದು ಮಾಡಿತು. ಆಕೆಯ ಬೆರಳು ನಿಂತುಹೋಯಿತು. ಬೈಕು ದಾಟಿ ಹೋಗುವ ತನಕ ದಾರವನ್ನು ಹಾಗೇ ಬಿಗಿ ಹಿಡಿದು ಕೂತಿದ್ದಳು. ಹಾಲಿನವನು. ಅವಳು ಉಸಿರು ಬಿಟ್ಟು ಮತ್ತೆ ಕಟ್ಟತೊಡಗಿದಳು. ನಾನು ಒಂದು ಮೊಳ ಹೂ ಮುಡಿದುಕೊಂಡು ಎದ್ದು ಬಂದೆ.

ಅಕ್ಕ ಬೀದಿಗೆಲ್ಲ ಒಂದು ಸುದ್ದಿ ಹಬ್ಬಿಸಿದಳು. ತನಗೆ ನೀರು ಕಂಡರೆ ಭಯ, ಹಡಗು ಮುಳುಗಿದ ಹಾಗೆ ಕನಸು ಬಿತ್ತು, ಅದಕ್ಕೇ ಹೋಗುವುದಿಲ್ಲ ಎಂದು. ಗೌರಿ ಹಬ್ಬದ ದಿನ ಒಬ್ಬಟ್ಟು ಕೊಡಲು ನಾನು ಹೋದಾಗ ಹೆಂಗಸರೆಲ್ಲ ಅವಳನ್ನು ಆಡಿಕೊಳ್ಳುತ್ತಿದ್ದರು. ಸಂಗಮದ ಪಕ್ಕದಲ್ಲಿದ್ದುಕೊಂಡು ನೀರಿಗೆ ಹೆದರುತ್ತಾಳಂತೆ! ಎದುರು ಮನೆಯಾಕೆ ಎಲ್ಲರಿಗಿಂತ ಜೋರಾಗಿ ನಕ್ಕು, “ಈಯಮ್ಮುಂಗೆ ಬಚ್ಚಲ್ ನೀರೇ ಸಾಕು” ಎಂದಳು. ಅಕ್ಕನೂ ನಕ್ಕಳು.

“ಹೋಗಲಿ, ಮುಂದಿನ ವರ್ಷ ಮುಂಬೈ ಕಡೆಯಿಂದ ಹೊರಡುವ ಹಡಗಿದೆ, ಅದಕ್ಕೆ ಆಧಾರ್ ಸಾಕು” ಎಂದೆ ಅವರೆಲ್ಲ ಹೋದ ಮೇಲೆ.

“ಇನ್ನೆಂಗ್ ಬರ್ಲಮ್ಮಿ? ನೀರು ಕಂಡ್ರೆ ಭಯ ಅಂದ್ಬುಟ್ಟಿವ್ನಿ” ಎಂದಳು. ತಮಾಷೆಗೆ ಹೇಳುತ್ತಿಲ್ಲ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಈ ಸಲದ ಹಡಗು ಮಾತ್ರವಲ್ಲ, ಎಲ್ಲ ಹಡಗುಗಳನ್ನೂ ಅವಳು ಒಟ್ಟಿಗೆ ಬಿಟ್ಟುಕೊಟ್ಟಿದ್ದಳು.

ನಾನೂ ಹೋಗುವುದಿಲ್ಲ ಎಂದೆ. ಹಾಗೇನಾದರೂ ಮಾಡಿದರೆ ಇನ್ನು ಮೇಲೆ ನಂಜನಗೂಡಿಗೆ ಕಾಲಿಡುವುದಿಲ್ಲ ಎಂದಳು. ಹೇಳಿದರೆ ಮಾಡುವವಳು. ಹೋದೆ. ಡಬ್ಬಿಗಟ್ಟಲೆ ಚಕ್ಕುಲಿ ಹೊತ್ತುಕೊಂಡು ಹೋದೆ.

ಹಡಗು ಅಂದರೆ ಒಂದು ಊರು. ಲಿಫ್ಟು, ಅಂಗಡಿ, ಕುಣಿತ, ಯಾವ ಹೊತ್ತಿಗೆ ಹೋದರೂ ಊಟ. ನಮ್ಮವರೆಲ್ಲ ಮಕ್ಕಳ ಹಾಗೆ ಓಡಾಡಿದರು, ಹೆಡ್‌ಮಿಸ್ ಒಂದು ಹಾಡಿಗೆ ಕುಣಿದೂಬಿಟ್ಟರು. ನಾನು ರೂಮಿಗೆ ಬಂದರೆ ಎರಡು ಹಾಸಿಗೆ. ಪಕ್ಕದ ಹಾಸಿಗೆಯಲ್ಲಿ ಯಾರೂ ಇಲ್ಲ ಎಂದು ಹೇಳಿದರೂ ರೂಮಿನ ಕೆಲಸದವನು ದಿನಾ ಅದನ್ನೂ ನೀಟಾಗಿ ಹಾಸಿ, ಹೊದಿಕೆಯ ಅಂಚು ಮಡಿಸಿ, ದಿಂಬಿನ ಮೇಲೆ ಒಂದು ಚಾಕಲೇಟು ಇಟ್ಟು ಹೋಗುತ್ತಿದ್ದ. ನೆಲ ಕಣ್ಮರೆಯಾದ ಮೇಲೆ ಡೆಕ್ಕಿನ ಕಂಬಿ ಹಿಡಿದು ನಿಂತೆ. ಯಾವ ಕಡೆ ತಿರುಗಿದರೂ ದಡವಿಲ್ಲ. ಅಕ್ಕ ಕೇಳಿದ್ದು ಇದನ್ನೇ. ಹೇಗಿದೆ ಅಂತ ಅವಳಿಗೆ ಹೇಳೋಣವೆಂದು ಫೋನ್ ತೆಗೆದರೆ ನೆಟ್‌ವರ್ಕ್ ಇಲ್ಲ. ಇದ್ದಿದ್ದರೂ ಏನು ಹೇಳುತ್ತಿದ್ದೆನೋ. ಜನರೆಲ್ಲ ಫೋಟೋ ತೆಗೆದುಕೊಳ್ಳುತ್ತಿದ್ದರು, ನಾನು ಅಲ್ಲಿ ನಿಂತು ಅತ್ತೆ. ಯಾರೋ ಬಂದು ವಾಂತಿ ಬರ್ತಿದೆಯಾ ಎಂದು ಕೇಳಿ ಮಾತ್ರೆ ಕೊಟ್ಟರು.

ವಾಪಸು ಬಂದ ಮೇಲೆ ನರಸೀಪುರಕ್ಕೆ ಹೋದೆ. ಅಕ್ಕ ಜಗುಲಿಯಲ್ಲಿ ಕೂರಿಸಿ ಒಂದೊಂದೇ ಕೇಳಿದಳು. ಬಣ್ಣ ಹೇಗಿತ್ತು? ಅಲೆ ಮಧ್ಯದಲ್ಲೂ ಇರುತ್ತದಾ? ರಾತ್ರಿ ತೂಗುತ್ತಾ? ನಾನು ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಮ್ಮಿ ಮಾಡಿ ಹೇಳಿದೆ. ಬರೀ ನೀರು ಕಣೇ, ನೋಡೋಕೆ ಏನಿದೆ ಎಂದೆ. ಅವಳಿಗೆ ಸುಳ್ಳು ಗೊತ್ತಾಯಿತೇನೋ, “ಕಾಪಿ ಮಾಡ್ತೀನಿ” ಎಂದು ಒಳಗೆ ಹೋದಳು.

ಅಷ್ಟರಲ್ಲಿ ಎದುರು ಮನೆಯಾಕೆ ಹೂವಿನ ದಾರವನ್ನು ಭುಜದ ಮೇಲೆ ಹಾಕಿಕೊಂಡೇ ಬಂದಳು. ಲಂಕೆಯ ಹೆಂಗಸರು ಹೂ ಮುಡಿಯುತ್ತಾರಾ ಎಂದು ವಿಚಾರಿಸಿದಳು. ಆಮೇಲೆ ಒಳಗಿನ ಬಾಗಿಲ ಕಡೆ ಒಮ್ಮೆ ನೋಡಿ, ನನ್ನ ಪಕ್ಕಕ್ಕೆ ಸರಿದು, ದನಿ ತಗ್ಗಿಸಿದಳು.

“ಟೀಚರಮ್ಮ, ಒಂದ್ ಇಸ್ಯ ಏಳ್ತೀನಿ, ನಿಮ್ಮಕ್ಕುಂಗೆ ಏಳ್ಬ್ಯಾಡಿ, ಎದ್ರುಕೊಬುಡ್ತಳೆ. ಸ್ರಾವಣದಲ್ಲಿ ಇವ್ಳು ನಿಮ್ಮೂರ್ಗೆ ಬಂದಿದ್ಲಲ್ಲ, ಆಗ ಪೋಲೀಸು ಬಂದಿದ್ದ ಇವ್ಳುನ್ನ ಕೇಳ್ಕಂಡು. ಯಾರ್ ಏನ್ ದೂರು ಕೊಟ್ಟಿದ್ರೋ ಕಾಣೆ, ಗಂಡ್ ದಿಕ್ಕಿಲ್ದ ಎಂಗ್ಸು. ನಂಗೆ ಕೈಕಾಲೆಲ್ಲ ನಡುಗೋಯ್ತು. ಆದ್ರೂ ನಾನೇ ಮುಂದುಕ್ಕೋಗಿ ನಿಂತ್ಕಂಡೆ. ಇಲ್ಲ ಸಾ, ಅವ್ರು ಊರ್ ಬುಟ್ಟು ಬಾಳ ವರ್ಸ ಆಯ್ತು ಅಂದೆ. ಹೆಬ್ಬೆಟ್ಟು ಒತ್ತು ಅಂದ, ಒತ್ದೆ. ವಾಪಸ್ ಒಂಟೋದ.”

ಅಡುಗೆಮನೆಯಲ್ಲಿ ಲೋಟಗಳ ಸದ್ದು ನಿಂತಿತ್ತು.

ನಿಜ ಹೇಳಿಬಿಡಲು ಬಾಯಿ ತೆರೆದೆ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು, ಭೇಷ್ ಎನ್ನಲಿ ಎಂದು ಕಾಯುವ ಹಾಗೆ. ಠಾಣೆಯ ರಸ್ತೆಗೂ ಕಾಲಿಡದವಳು ನನ್ನ ಅಕ್ಕನಿಗಾಗಿ ಪೊಲೀಸಿನ ಮುಂದೆ ಒಬ್ಬಳೇ ನಿಂತಿದ್ದಳು. ನಾನು ಅವಳ ಕೈ ಹಿಡಿದುಕೊಂಡೆ. “ಒಳ್ಳೇದು ಮಾಡಿದ್ರಿ” ಎಂದೆ.

“ಮತ್ತೆ!” ಎಂದಳು ಆಕೆ, ಹೂವಿನ ದಾರ ಸರಿ ಮಾಡಿಕೊಳ್ಳುತ್ತಾ. “ನಾವ್ ಇರಗಂಟ ನಿಮ್ಮಕ್ಕುನ್ನ ಯಾರೂವೆ ಎಲ್ಗೂ ಕರ್ಕಂಡೋಗಕ್ಕಾಗಕಿಲ್ಲ ಬುಡಿ.”

“ಗೊತ್ತು” ಎಂದೆ.